ಮಾವ ಕೂರಿಸಿದ ಪಿಸ್ಟನ್ನು

ನನ್ನ ಸೋದರಮಾವ ಜೇಬಿನಲ್ಲಿ ಅಳತೆಪಟ್ಟಿ ಇಲ್ಲದೆ ಕಾಫಿಯನ್ನೂ ಕುಡಿಯುವವರಲ್ಲ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ! ಆದರೆ ಸದಾಶಿವನಗರದ ಅವರ ಮನೆಯಲ್ಲಿ ಸೋಫಾ ಇರಬೇಕಾದ ಜಾಗದಲ್ಲಿ ಕಾರಿನ ಎಂಜಿನ್ ಕೂತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅದು ತಾತನ ಕಾರಿನದು. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದಾಗ ತಾತ ಓಡಿಸಿದ ಗಾಡಿ. ಕುಣಿಗಲ್ಲಿನಲ್ಲಿರುವ ದೊಡ್ಡಮ್ಮ, ಅಂದರೆ ಮಾವನ ಅಕ್ಕ, ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಅಪ್ಪನ ಕಾರಿನ ಸದ್ದು ಒಂದ್ಸಲ ಕೇಳ್ಬೇಕು ಕಣೋ, ತಗಂಬಾರೋ." ಮಾವನದೂ ಒಂದೇ ಉತ್ತರ: "ಪಿಸ್ಟನ್ ಸೆಟ್ ಆಗ್ಲಿ ಬುಡಕ್ಕ, ಬರ್ತೀನಿ."

ಅತ್ತೆಯನ್ನು ಒಂದೇ ನೋಟಕ್ಕೆ ಒಪ್ಪಿದ್ದ ಮಾವ ಪಿಸ್ಟನ್‌ಗಳನ್ನು ಸೆಟ್ಟುಗಟ್ಟಲೆ ತಿರಸ್ಕರಿಸಿದರು. ನಾಲ್ಕೂ ಒಂದೇ ತೂಕ ಇರಬೇಕಂತೆ! ತಕ್ಕಡಿ ಬೇಕಲ್ಲ? ಚಿನ್ನದಂಗಡಿಗೇ ಹೊತ್ತೊಯ್ದರು. ಅಂಗಡಿಯವನು ತಬ್ಬಿಬ್ಬಾಗಿ, "ಅಡ ಇಡಕ್ಕಾ ಸಾರ್?" ಎಂದನಂತೆ.

ಆಮೇಲೆ ಸಂದಿನ ಸರದಿ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಕೂದಲೆಳೆಯಷ್ಟು ಜಾಗ. "ಬಿಸಿಯಾದ್ರೆ ಪಿಸ್ಟನ್ ಉಬ್ಬುತ್ತೆ ಕಣೋ. ಸಂದು ಕಮ್ಮಿಯಾದ್ರೆ ಹಿಡ್ಕಂತದೆ, ಜಾಸ್ತಿಯಾದ್ರೆ ಬಡ್ಕಂತದೆ." ಅಳೆಯುವಾಗ ಎರಡೂ ಒಂದೇ ಕಾವಿನಲ್ಲಿರಬೇಕೆಂದು ಕಡುಬೇಸಿಗೆಯಲ್ಲಿ ಫ್ಯಾನ್ ಬಂದ್!

"ನಾನು ಉಬ್ಬಿದ್ರೆ ಪರವಾಗಿಲ್ವಾ?" ಎಂದರು ಅತ್ತೆ, ಬೆವರು ಒರೆಸಿಕೊಳ್ಳುತ್ತಾ.

ಅಂತೂ ಕಾರು ಸಿದ್ಧವಾಯಿತು. ನಾನೂ ಹತ್ತಿ ಕುಳಿತೆ. ಕುಣಿಗಲ್ ತಲುಪಿ ಗೇಟಿನ ಮುಂದೆ ನಿಂತರೂ ಅಂಗಳದಲ್ಲಿ ಹುರುಳಿ ಆರಿಸುತ್ತಿದ್ದ ದೊಡ್ಡಮ್ಮ ತಲೆ ಎತ್ತಲಿಲ್ಲ. ಮಾವ ಕೂಗಿದ ಮೇಲೆ ಸಡಗರದಿಂದ ಬಂದು, ಗೇಟು ತೆರೆದು, ಬಾನೆಟ್ಟಿಗೆ ಕಿವಿ ಒಡ್ಡಿದರು.

"ಸ್ಟಾರ್ಟ್ ಮಾಡೋ."

"ಮಾಡೇ ಇದೀನಿ ಅಕ್ಕ!" ಮಾವನಿಗೆ ಹೆಮ್ಮೆಯೋ ಹೆಮ್ಮೆ.

"ಇದಲ್ಲ ಕಣೋ. ತಿರುವಿಗೆ ಬರೋವಾಗ್ಲೇ ಟಕಟಕ ಅಂತಿತ್ತಲ್ಲ? ಅಪ್ಪ ಬಂದ್ರು ಅಂತ ಓಡೋಗಿ ಬಾಗ್ಲು ತಗೀತಿದ್ವಲ್ಲ? ಆ ಸದ್ದೆಲ್ಲೋ?"

ಮಾವನ ಮುಖ ಇಳಿದುಹೋಯಿತು. ಅದು ಸವೆದ ಪಿಸ್ಟನ್‌ಗಳು ಗೋಡೆಗೆ ಬಡಿಯುತ್ತಿದ್ದ ಸದ್ದು. ಇಷ್ಟು ದಿನ ಕೂತು ಅವರು ಅಳಿಸಿಹಾಕಿದ್ದು ಅದನ್ನೇ. ಹಳೆಯವು ಗುಜರಿಗೆ ಹೋಗಿ ಕರಗಿಯೂ ಆಗಿತ್ತು. ಇಷ್ಟೆಲ್ಲ ನಕ್ಕ ನಮಗೆ, ಯಾವ ಸದ್ದು ಎಂದು ದೊಡ್ಡಮ್ಮನನ್ನು ಕೇಳಬೇಕೆಂದೇ ತೋಚಿರಲಿಲ್ಲ.

"ತಪ್ಪಾಗೋಯ್ತಕ್ಕ." ಮಾವ ಎಂಜಿನ್ ನಿಲ್ಲಿಸಿ ಕೆಳಗಿಳಿದರು. ಆಮೇಲೆ ಬಾಗಿ, ಬೆರಳ ಗೆಣ್ಣಿನಿಂದ ಬಾನೆಟ್ಟನ್ನು ಕುಟ್ಟತೊಡಗಿದರು. ಟಕಟಕ, ಟಕಟಕ.

ದೊಡ್ಡಮ್ಮ ಕಣ್ಣು ಮುಚ್ಚಿದರು. "ಇನ್ನೊಂಚೂರು ನಿಧಾನ ಕಣೋ. ತಿರುವಲ್ಲಿ ಅಪ್ಪ ನಿಧಾನ ಮಾಡ್ತಿದ್ರು."

ಮಾವ ನಿಧಾನ ಮಾಡಿದರು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಕೈ ಚಾಚಿ, ತೆರೆದೇ ಇದ್ದ ಗೇಟನ್ನು ಇನ್ನಷ್ಟು ತೆರೆದರು.