ಪಕ್ಕದ ಮನೆ ಹುಡುಗಿಯ ಪ್ಯಾಕೇಜು

ದೇವರಾಣೆ ಹಾಕಿ, ಯಾರಿಗೂ ಹೇಳುದಿಲ್ಲ ಅಂತ. ಹಾಕಿದ್ರಾ? ಹಾಗಾದ್ರೆ ಆ ಕುರ್ಚಿಯಲ್ಲಿ ಕೂತ್ಕೊಳ್ಳಿ. ಪುತ್ತಿಗೆಗೆ ನೀವು ಬಾಡಿಗೆಗೆ ಬಂದು ಎಷ್ಟು ದಿನ ಆಯ್ತು, ಆಚೆ ಮನೆ ಹುಡುಗಿಯ ಸಂಗತಿ ಇನ್ನೂ ಗೊತ್ತಿಲ್ಲ ಅಂದ್ರೆ ಹೇಗೆ? ಅವಳು ಮಿಜಾರಿಗೆ ಹೋಗಿ ಇಂಜಿನಿಯರಿಂಗ್ ಮುಗಿಸಿದವಳು, ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಬೀಡಿ ಕಟ್ಟಿದವಳು. ನಮ್ಮಿಬ್ಬರ ನಡುವೆ ಒಂದಲ್ಲ ಒಂದು ಆಗ್ತಲೇ ಇರ್ತದೆ.

ವರ್ಷದ ಸಂಬಳ

ಅವಳ ಅಮ್ಮನ ಕತೆ ಬಿಡಿ. ಮಗಳ ಕೊನೇ ಪರೀಕ್ಷೆಗೆ ಮೊದಲೇ ಅವಳ ಸಂಬಳ ಖರ್ಚು ಮಾಡಿ ಆಗಿತ್ತು. ಗೇಟಿಗೆ ಬಣ್ಣ, ಅಂಗಳಕ್ಕೆ ಇಂಟರ್‌ಲಾಕ್! "ಎಂಟು ಲಕ್ಷದ ಪ್ಯಾಕೇಜು ಸಿಗ್ತದೆ" ಅಂತ ಬಾವಿಕಟ್ಟೆಯಲ್ಲಿ ನಿಂತು ಹೇಳುದು.

ನಾನು ಹುಡುಗಿಯನ್ನೇ ಕರೆದು ಕೇಳಿದೆ, "ಅದು ತಿಂಗಳಿಗಾ ಮಗಾ?"

"ಅಲ್ಲ ಆಂಟಿ, ವರ್ಷಕ್ಕೆ."

"ಅಯ್ಯೋ ದೇವರೇ, ವರ್ಷಕ್ಕೊಮ್ಮೆ ಕೊಟ್ರೆ ನಡುವೆ ಎಂತ ತಿನ್ನುದು? ನಮ್ಮ ಬೀಡಿ ತಕ್ಕೊಳ್ಳುವ ಬ್ರಾಂಚಿನವನೇ ವಾಸಿ, ವಾರ ವಾರ ಕೊಡ್ತಾನೆ."

ಹುಡುಗಿ ನಕ್ಕು ನಕ್ಕು ಮೆಟ್ಟಿಲಲ್ಲೇ ಕೂತಳು.

ಇಂಟರ್‌ವ್ಯೂ ಪ್ರಾಕ್ಟೀಸು

ಕೆಲಸಕ್ಕೆ ತಕ್ಕೊಳ್ಳುವವರಿಗೆ ಎಚ್.ಆರ್. ಅಂತ ಹೇಳ್ತಾರಂತೆ. "ನೀವು ಎಚ್.ಆರ್. ಆಗಿ ಆಂಟಿ, ನಾನು ಪ್ರಾಕ್ಟೀಸ್ ಮಾಡ್ತೇನೆ" ಅಂದಳು. ದಿನಾ ಸಂಜೆ ಬರ್ಲಿಕ್ಕೆ ಶುರು. ಅದಕ್ಕೆ ಮೊದಲು ಈ ಮನೆಯಲ್ಲಿ ಮಾತಾಡ್ತಿದ್ದದ್ದು ಟಿವಿ ಮಾತ್ರ. ನಾನು ಅದಕ್ಕೇ ಎದುರುತ್ತರ ಕೊಡ್ತಿದ್ದೆ.

ನಾನು ಸೆರಗು ಸರಿಮಾಡಿ ಕೇಳಿದೆ, "ಊಟ ಆಯ್ತಾ?"

"ಅವರು ಅದೆಲ್ಲ ಕೇಳುದಿಲ್ಲ ಆಂಟಿ."

"ಮದುವೆ ಆದ್ರೆ ಕೆಲಸ ಬಿಡ್ತೀಯಾ?"

"ಹಾಂ, ಇದು ಸರಿ ಉಂಟು. ಇದನ್ನು ಅವರೂ ಕೇಳ್ತಾರೆ."

ಇಳಿಯುವ ರೇಟು

ಮಳೆಗಾಲ ಹೋಯ್ತು, ಚಳಿ ಬಂತು. ಕೆಲಸ ಸಿಗ್ಲಿಲ್ಲ. ಪ್ರಾಕ್ಟೀಸಿನಲ್ಲಿ ಅವಳು ಕೇಳುವ ಸಂಬಳ ಎಂಟು ಲಕ್ಷ ಇದ್ದದ್ದು ಆರಾಯ್ತು. ಆರಿದ್ದದ್ದು ಮೂರೂವರೆ. ನಾನು ಸುಮ್ಮನೆ ಕೂತದ್ದು ಮಾರಾಯ್ರೆ, ಚೌಕಾಸಿ ಮಾಡಿದವಳೇ ಅಲ್ಲ. ಸಂತೆ ಮುಗಿಯುವಾಗಿನ ಬಸಳೆಯ ಹಾಗೆ ತನ್ನಷ್ಟಕ್ಕೆ ಇಳೀತು.

ಒಂದು ದಿನ ಹೇಳಿದಳು, "ಇನ್ನು ಎಷ್ಟು ಕೊಟ್ರೂ ಆಗ್ತದೆ ಅಂತ ಹೇಳ್ತೇನೆ ಆಂಟಿ. ಮನೆಯಲ್ಲಿ ಕೂತ್ರೆ ಅಮ್ಮನ ಮುಖ ನೋಡ್ಲಿಕ್ಕೆ ಆಗುದಿಲ್ಲ."

"ನಿನ್ನ ಅಮ್ಮನ ಮುಖ ನನಗೂ ನೋಡ್ಲಿಕ್ಕೆ ಆಗುದಿಲ್ಲ, ಅದಕ್ಕೆ ನಾನು ರೇಟು ಇಳಿಸಿದ್ದೇನಾ?" ಅಂದೆ. ಕಣ್ಣೀರಿನಲ್ಲೇ ನಕ್ಕಳು.

ನಿಜವಾದ ಇಂಟರ್‌ವ್ಯೂ

ಬಿ.ಸಿ. ರೋಡಿನ ಒಂದು ಕಂಪೆನಿ. ಕಂಪ್ಯೂಟರಿನಲ್ಲೇ ಇಂಟರ್‌ವ್ಯೂ. ಅವಳ ಮನೆಯಲ್ಲಿ ಗಲಾಟೆ ಅಂತ ಇಲ್ಲೇ ಕೂತಳು, ಇದೇ ಮೇಜು. ನನಗೆ ಅಡುಗೆ ಕೋಣೆಯಿಂದ ಹೊರಗೆ ಬರ್ಲಿಕ್ಕಿಲ್ಲ ಅಂತ ಆರ್ಡರು.

ಎಲ್ಲಾ ಚಂದ ಹೇಳಿದಳು. ಕಡೆಗೆ ಆ ಕಂಪೆನಿಯ ಜನ ಹೇಳುದು, "ಮೊದಲ ಆರು ತಿಂಗಳು ಸಂಬಳ ಇಲ್ಲ, ಕಲೀಲಿಕ್ಕೆ ಅಂತ ಬರುದು."

ಇವಳು, "ಆಯ್ತು ಸರ್..."

ನನ್ನ ಕಾಲು ಕೇಳ್ಬೇಕಲ್ಲ? ಸೌಟು ಹಿಡ್ಕೊಂಡೇ ಬಂದೆ. "ನಾಲ್ಕು ವರ್ಷ ಕಲಿತು ಬಂದವಳು ನಿಮ್ಮಲ್ಲಿ ಪುನಃ ಕಲೀಲಿಕ್ಕಾ? ಬಸ್ಸಿನವ ಆರು ತಿಂಗಳು ಪುಕ್ಕಟೆ ಕರ್ಕೊಂಡು ಹೋಗ್ತಾನಾ?"

ಆ ಜನ ಕನ್ನಡಕ ಮೇಲೆ ಮಾಡಿ ನೋಡಿದ. "ಯಾರಮ್ಮ ಅವರು?"

ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಸೌಟನ್ನು ನೋಡಿದಳು. "ನಮ್ಮ... ಎಚ್.ಆರ್. ಸರ್."

ಅಷ್ಟರಲ್ಲಿ ಸ್ಕ್ರೀನು ಕಪ್ಪಾಯ್ತು. ಅವ ಬಂದ್ ಮಾಡಿದ್ದಾ, ನೆಟ್‌ವರ್ಕ್ ಹೋದದ್ದಾ, ಯಾರಿಗೆ ಗೊತ್ತು? ಹುಡುಗಿ ಕಂಪ್ಯೂಟರ್ ಮಡಚಿ ಹೋದಳು. ಅವತ್ತಿನಿಂದ ಬರ್ಲಿಲ್ಲ. ಸಂಜೆ ಆದ್ರೆ ನನ್ನ ಕೈ ಮಾತ್ರ ಈಗಲೂ ಚಾಕ್ಕೆ ಎರಡು ಗ್ಲಾಸ್ ತೆಗೀತದೆ. ಒಂದು ಬಿಸಿ ಇರುವಾಗ ಕುಡೀತೇನೆ, ಇನ್ನೊಂದು ತಣ್ಣಗಾದ ಮೇಲೆ.

ಇಂಟರ್‌ವ್ಯೂಗೆ ಮೊದಲಿನ ದಿನ ಗೋಳಿಬಜೆ ಹಾಕಿ ಕೊಟ್ಟ ನನ್ನ ಡಬ್ಬಿ ಅವರಲ್ಲೇ ಉಂಟು. ನಮ್ಮಲ್ಲಿ ಮಾತು ಬಿಟ್ಟವರು ಮಾತ್ರ ಖಾಲಿ ಡಬ್ಬಿ ವಾಪಸ್ ಕೊಡುದು, ಅದೇ ಹೆದರಿಕೆ...

ಶ್ಶ್! ಗೇಟು ಸದ್ದಾಯ್ತು. ಅವಳೇ! ಡಬ್ಬಿ ತಂದಿದ್ದಾಳೆ. ಎರಡು ಕೈಯಲ್ಲಿ ಹಿಡ್ಕೊಂಡು ಬರ್ತಿದ್ದಾಳೆ, ನೋಡಿ. ಖಾಲಿ ಡಬ್ಬಿಗೆ ಯಾರಾದ್ರೂ ಎರಡು ಕೈ ಕೊಡ್ತಾರಾ? ನಾನು ಎಂತದೂ ಹೇಳ್ಲಿಲ್ಲ, ಗೊತ್ತಾಯ್ತಾ? ನೀವು ಏಳಿ, ಏಳಿ ಮಾರಾಯ್ರೆ. ಅದು ಅವಳ ಕುರ್ಚಿ.