ಟಕಟಕ ಗಾಡಿ ಸುಮ್ಮನಾದ ದಿನ

ಗಂಗಾವತಿಯಾಗ ನಾ ಗ್ಯಾರೇಜ್ ಇಟ್ಟು ಮೂವತ್ತು ವರ್ಷ ಆತು. ಇಂಜಿನ್ನಿಗೆ ಹೆದರಾವ ಅಲ್ಲ ನಾ, ಇಂಜಿನ್ ತಗೊಂಡು ಬರೋ ಮಂದಿಗೆ ಹೆದರತೀನಿ. ದಿನಾ ಮುಂಜಾನೆ ಷಟರ್ ಎತ್ತೂಮುಂದ "ಇವತ್ತರ ನನ್ನ ಎದಿ ಧಸಕ್ ಅನ್ನಬಾರದಪಾ" ಅಂತ ಬೇಡ್ಕೋತೀನಿ. ಮೊದಲನೇ ಚಾ ಬರೂದ್ರಾಗ ಅಂದುಬಿಡತೈತಿ. ಹೋದ ವರ್ಷ ಒಂದು ಕೆಂಪು ಗಾಡಿ ಅಂತೂ ಒಂದ ತಿಂಗಳದಾಗ ನನ್ನ ಜೀವಾ ಎಷ್ಟು ಸಲ ಬಾಯಿಗೆ ತಂತೋ, ಲೆಕ್ಕಾನ ಇಲ್ಲ.

೧. ಕಿತ್ತು ಒಗಿ

ಅಕ್ಕಿ ಮಿಲ್ಲಿನ ಸಾಹುಕಾರ್ರು ಎಲ್ಲಿಂದಲೋ ಒಂದು ಹಳೇ ಕಾಲದ ಸ್ಪೋರ್ಟ್ಸ್ ಕಾರು ತಂದ್ರು. ಎರಡ ಸೀಟು, ಮ್ಯಾಲೆ ಟಾಪಿಲ್ಲ, ಕುಂಕುಮದ ಬಣ್ಣ. ನೋಡಿ ನನ್ನ ಕಣ್ಣಾಗ ನೀರು ಬಂತು. ಸಣ್ಣಾವಿದ್ದಾಗ ನಮ್ಮ ಉಸ್ತಾದ್ರು ನನಗ ಕೆಲಸಾ ಕಲಿಸಿದ್ದು ಇಂಥಾದ್ದ ಇಂಜಿನ್ನಿನ ಮ್ಯಾಲೆ.

ಚಾಲೂ ಮಾಡಿದ್ರ ಟಕಟಕಟಕ ಅಂತು.

"ಉಸ್ತಾದ, ಈ ಟಕಟಕ ಬಂದ್ ಮಾಡು," ಅಂದ್ರು ಸಾಹುಕಾರ್ರು.

"ಅದು ರೋಗ ಅಲ್ರಿ, ಅದರ ಸ್ವಭಾವ," ಅಂತ ತಿಳಿಸಿ ಹೇಳಾಕ ಕುಂತೆ. ಇಂಜಿನ್ನಿನ ವಾಲ್ವ್ ಎತ್ತಾಕ ಟ್ಯಾಪೆಟ್ ಅಂತ ಒಂದು ತುಂಡು ಇರತೈತಿ. ಅದರಾಗ ಎರಡು ಜಾತಿ. ಹಳೇದು ಗಟ್ಟಿ ಕಬ್ಬಿಣದ್ದು. ಕಬ್ಬಿಣ ಕಾದ್ರ ಹಿಗ್ಗತೈತಿ, ಹಿಗ್ಗಾಕ ಕೂದಲೆಳಿಯಷ್ಟು ಜಾಗಾ ಬಿಡಬೇಕು. ಆ ಜಾಗಾದಾಗ ಬಡಿಯೂದ ಈ ಸಪ್ಪಳ. ಜಾಗಾ ಬಿಡಲಿಲ್ಲಂದ್ರ ವಾಲ್ವ್ ಪೂರಾ ಮುಚ್ಚಂಗಿಲ್ಲ, ಸುಟ್ಟು ಹೊಕ್ಕೈತಿ. ಇನ್ನೊಂದು ಜಾತಿ ಹೈಡ್ರಾಲಿಕ್. ಅದರ ಹೊಟ್ಟ್ಯಾಗ ಆಯಿಲ್ ತುಂಬಿ, ಆ ಜಾಗಾ ತಾನ ಮುಚ್ಚಿಕೊಂಡು ಸುಮ್ಮನ ಇರತೈತಿ.

"ಹಂಗಾದ್ರ ಸುಮ್ಮನ ಇರೋ ಜಾತಿದ ಹಾಕು."

"ಇದರಾಗ ಅದಕ್ಕ ಆಯಿಲ್ ಹೋಗೋ ದಾರೀನ ಇಲ್ರಿ. ಇಂಜಿನ್ನ ಬ್ಯಾರೆ ಬೇಕು."

"ಕಿತ್ತು ಒಗಿ. ಜೀಪಿನ ಡೀಸೆಲ್ ಇಂಜಿನ್ ಕೂಡಿಸು. ಒಂದು ತಿಂಗಳ ಟೈಮ್ ಕೊಟ್ಟೀನಿ. ಅಷ್ಟರಾಗ ಇದು ಬಾಯಿ ಮುಚ್ಚಲಿಲ್ಲಂದ್ರ ಡೀಸೆಲ್ಲ."

ತೋಬಾ ತೋಬಾ! ಕೈಯಾಗಿನ ನಟ್ಟು ತಿರುವೋ ಪಾನಾ ಜಾರಿ ನನ್ನ ಕಾಲ ಮ್ಯಾಲೆ ಬಿತ್ತು. ಇಂಥಾ ಇಂಜಿನ್ ಕಿತ್ತು ಗುಜರಿಗೆ ಹಾಕೂದಾ? "ಸಾಹುಕಾರ್ರ, ಡೀಸೆಲ್ ಇದಕ್ಕಿಂತ ಹತ್ತು ಪಟ್ಟು ಒದರತೈತಿ!" ಅಂದೆ.

"ಒದರಲಿ. ಡೀಸೆಲ್ ಒದರಿದ್ರ 'ಗಾಡಿಗೆ ಏನಾಗೇತ್ರಿ' ಅಂತ ಯಾರೂ ಕೇಳಂಗಿಲ್ಲ."

೨. ದಾರಿ ತುಂಬ ಡಾಕ್ಟರು

ಆ ಮಾತಿನ ಅರ್ಥ ನನಗ ತಿಳಿದಿದ್ದು ಅವ್ರ ಜೋಡಿ ಒಂದು ಸುತ್ತು ಹೋದಾಗ. ಗಿಣಿಗೇರಾದಾಗ ಲಾರಿ ಡ್ರೈವರ್ ತನ್ನ ಕಿಡಕ್ಯಾಗಿಂದ ಮುಖಾ ಹೊರಗ ಹಾಕಿ, "ಟ್ಯಾಪೆಟ್ ಹೊಡೀತೈತಿ ಸಾಹುಕಾರ್ರ" ಅಂದ. ಕುಷ್ಟಗಿಯಾಗ ಮಿರ್ಚಿ ಕರಿಯೋ ಹೆಣಮಗಳು ಝಾರಿ ಸೌಟು ಎತ್ತಿ ಹಿಡಿದು, "ಯಣ್ಣಾ, ಏನೋ ಕಳಚಿ ಬೀಳಾಕತ್ತೈತಿ ನೋಡು" ಅಂತ ಚೀರಿದ್ಲು. ಸಾಹುಕಾರ್ರು ಮಿರ್ಚಿ ತಿನ್ನದ ಗಾಡಿ ತಿರುಗಿಸಿದ್ರು.

ಯಲಬುರ್ಗಾದಾಗ ಅಂತೂ ಅತಿ ಆತು. ಚಾ ಕುಡಿಯಾಕ ನಿಂತಾಗ ದನದ ಡಾಕ್ಟರ್ ಒಬ್ರು ತಾವಾಗೇ ಬಂದ್ರು. ಬಾನೆಟ್ಟಿನ ಮ್ಯಾಲೆ ಕಿವಿ ಇಟ್ಟು, ಕಣ್ಣು ಮುಚ್ಚಿ, ಎರಡು ನಿಮಿಷ ಕೇಳಿದ್ರು. ನಾ ಹೌಹಾರಿದೆ. ಕಾದ ತಗಡು, ಕಿವಿ ಸುಟ್ಟುಗಿಟ್ಟೀತು! ಅವ್ರು ಎದ್ದು ನಿಂತು ಗಂಭೀರ ಮುಖಾ ಮಾಡಿ ಅಂದ್ರು:

"ಉಸಿರಾಟ ಛಲೋ ಐತ್ರಿ. ಮೆಲುಕು ಹಾಕೂದಷ್ಟ ಸರಿ ಇಲ್ಲ."

೩. ಅವ್ವನ ಮದ್ದು

ಎಷ್ಟು ತಿಳಿಸಿ ಹೇಳಿದ್ರೂ ಸಾಹುಕಾರ್ರು ಬಗ್ಗಲಿಲ್ಲ. ಅಕ್ಕಿ ಮ್ಯಾಲೆ ಆಸಿ, ನೆಂಟರ ಮ್ಯಾಲೆ ಪ್ರೀತಿ ಅಂದಂಗ, ಅವ್ರಿಗೆ ಹಳೇ ಗಾಡೀನೂ ಬೇಕು, ಹೊಸ ಗಾಡಿ ಶಾಂತೀನೂ ಬೇಕು. ಹೆಂಗರ ಮಾಡಿ ಸಪ್ಪಳ ಒಂದೀಟು ತಗ್ಗಿಸಿ ಇಂಜಿನ್ ಉಳಿಸಿಕೊಳ್ಳೂಣು ಅಂತ ಒಂದಿನ ಮುಂಜಾನೆ ಅವ್ರ ಮನೀಗೆ ಹೋದೆ.

ಬಾನೆಟ್ ತೆರದಿತ್ತು. ಸಾಹುಕಾರ್ರ ಅವ್ವ, ಎಂಬತ್ತರ ಮುದುಕಿ, ಹಿತ್ತಾಳಿ ಚರಗಿ ಹಿಡಕೊಂಡು ಇಂಜಿನ್ನಿನ ಬಾಯಾಗ ಏನೋ ಹೊಯ್ಯಾಕತ್ತಿದ್ರು. ಧಾರಿ ಗಟ್ಟಿ ಇತ್ತು. ನನ್ನ ಎದಿ ಧಸಕ್ಕಂತು.

"ಯವ್ವಾ, ಏನದು?"

"ಔಡಲ ಎಣ್ಣಿ, ಹರಳೆಣ್ಣಿ ಅಂತಾರಲ್ಲ, ಅದ ತಮ್ಮಾ. ಹೊಟ್ಟ್ಯಾಗ ಎಣ್ಣಿ ಇದ್ರ ಸುಮ್ಮನಿರತೈತಿ ಅಂತ ನೀನ ಹೇಳಿದ್ಯಂತ. ನನ್ನ ಮಗಾ ಕೂಸಿದ್ದಾಗ ಹಿಂಗ ಒದರತಿದ್ದ. ಒಂದು ಚಮಚ ಹಾಕಿದ್ರ ಹೊಟ್ಟಿ ಸಾಫ್, ಕೂಸು ಗಪ್ಪ್!"

ನೆಲದ ಮ್ಯಾಲೆ ಅಂಗಾತ ಬಿದ್ದು, ಕೆಳಗಿನ ಬೋಲ್ಟ್ ಬಿಚ್ಚಿ ಇದ್ದಬದ್ದ ಆಯಿಲೆಲ್ಲಾ ಬಕೀಟಿಗೆ ಇಳಿಸಿದೆ. ಸಾಹುಕಾರ್ರ ಹೆಂಡ್ತಿ ಚಾ ತಂದು ಕೊಟ್ಟು ಸಣ್ಣ ದನಿಲೆ ಕೇಳಿದ್ರು, "ಆ ಸಪ್ಪಳ ಬಂದ್ ಆಗಲೇಬೇಕೇನ್ರಿ? ಇರಲಿ ಬಿಡ್ರಿ, ನಮಗೇನು ತ್ರಾಸಿಲ್ಲ." ನನಗ ಆಶ್ಚರ್ಯ ಆತು. ಮನಿಯಾಗ ಒಬ್ಬರಿಗರ ಈ ಇಂಜಿನ್ ಬೇಕಾಗೈತಲ್ಲ ಅಂತ ಖುಷಿನೂ ಆತು.

ಅಷ್ಟರಾಗ ಅವ್ವ ಬಗ್ಗಿ ನೋಡಿದ್ರು. "ಒಳಗಿಂದೆಲ್ಲಾ ಬಂತೇನಪಾ?"

"ಎಲ್ಲಾ ಬಂತ್ರಿ ಯವ್ವಾ."

"ನೋಡಿದ್ಯಾ? ಔಡಲ ಎಣ್ಣಿ ಅಂದ್ರ ಔಡಲ ಎಣ್ಣಿ!"

೪. ಬಿಗಿ ಕೈ

ತಿಂಗಳ ಮುಗಿಯಾಕ ಇನ್ನೊಂದ ದಿನ ಉಳಿದಿತ್ತು. ಸಾಹುಕಾರ್ರ ಫೋನ್ ಬಂತು.

"ಉಸ್ತಾದ, ನಿನ್ನ ಕೈಲೆ ತಿಂಗಳಾದ್ರೂ ಆಗಲಿಲ್ಲ. ನನ್ನ ಹೆಂಡ್ತಿ ಅಣ್ಣ ಗಿಣಿಗೇರಾದಾಗ ಫ್ಯಾಕ್ಟರಿ ಫಿಟ್ಟರ್ ಅದಾನ. ತಾಸಿನಾಗ ಮಾಡಿ ಕೊಟ್ಟು ಹೋದ. ಗಾಡಿ ಬೆಕ್ಕು ನಡದಂಗ ನಡಿಯಾಕತ್ತೈತಿ!"

"ಜಾಗಾ ಎಷ್ಟು ಬಿಟ್ಟಾರ್ರಿ?"

"ಯಾ ಜಾಗಾ? ಎಲ್ಲಾ ನಟ್ಟು ತಿರುವಿ ತಿರುವಿ ಬಿಗದಾನ. ನಟ್ಟು ಸಡ್ಲ ಇದ್ರ ಅವ್ರ ಫ್ಯಾಕ್ಟರ್ಯಾಗ ಮೆಮೊ ಕೊಡ್ತಾರಂತ!"

ಕುಂತಾವ ಎದ್ದು ನಿಂತೆ. "ಸಾಹುಕಾರ್ರ, ನಿಲ್ಲಸ್ರಿ! ವಾಲ್ವ್ ಸುಡತಾವು! ಅವು ದುನಿಯಾದಾಗ ಎಲ್ಲೂ ಸಿಗಂಗಿಲ್ಲ!"

"ಕೇಳಸವಲ್ದು," ಅಂದ್ರು.

"ಯಾಕ್ರಿ, ಸಪ್ಪಳ ಬರಾಕತ್ತೈತೇನು?"

"ಇಲ್ಲಪಾ, ಸಪ್ಪಳ ಇಲ್ಲಲ್ಲ, ಖುಷಿಗೆ ಹಾಡಿನ ಟೇಪ್ ಜೋರ ಹಚ್ಚೀನಿ." ಫೋನ್ ಇಟ್ಟುಬಿಟ್ರು.

೫. ಬೆಕ್ಕು ಮನೀಗೆ ಬಂತು

ನಾ ಬೈಕ್ ಮ್ಯಾಲೆ ಗಿಣಿಗೇರಾ ದಾರಿಯೆಲ್ಲಾ ಹುಡುಕಿ ಬಂದು ಇಳಿಯೂದ್ರಾಗ ಗಾಡಿ ಕೆಮ್ಮಕೋತ, ಹೊಗಿ ಕಾರಕೋತ ಗ್ಯಾರೇಜಿನ ಮುಂದ ಬಂದು ನಿಂತು ಆರಿತು. ಸಾಹುಕಾರ್ರು ಇಳದ್ರು. ಅವ್ರ ಮುಖಾ ನನ್ನ ಮುಖಕ್ಕಿಂತ ಬೆಳ್ಳಗಿತ್ತು. ಒಂದು ತಂಬಗಿ ನೀರು ಗಟಗಟ ಕುಡದು, ಸ್ಟೂಲಿನ ಮ್ಯಾಲೆ ಕುಂತು ಹೇಳಾಕತ್ತಿದ್ರು.

ಮೊದಲು ಮಿಲ್ಲಿಗೆ ಹೋಗಿದ್ರಂತ. ಟೇಪ್ ಬಂದ್ ಮಾಡಿ, ಬೆಕ್ಕಿನಂಗ. ಹಮಾಲರೆಲ್ಲಾ ಅಕ್ಕಿ ಚೀಲದ ಮ್ಯಾಲೆ ಇಸ್ಪೀಟ್ ಆಡಾಕತ್ತಿದ್ರು. ಇಪ್ಪತ್ತು ವರ್ಷದ ನಂಬಿಕಸ್ಥ ಗುಮಾಸ್ತ ಸಾಹುಕಾರ್ರ ಕುರ್ಚಿಮ್ಯಾಲೆ ಕುಂತು, ಟೇಬಲ್ ಮ್ಯಾಲೆ ಕಾಲು ಚಾಚಿ, ಹಮಾಲರಿಗೆ ಧೈರ್ಯ ಹೇಳಾಕತ್ತಿದ್ದ: "ಆಡ್ರೋ, ಆಡ್ರಿ. ಟಕಟಕ ಕೇಳೂತನಾ ರಾಜ್ಯ ನಮ್ಮದ."

"ಉಸ್ತಾದ, ಸಿಟ್ಟು ತಡಕೊಂಡು ಮನೀಗೆ ಹೋದೆ," ಅಂದ್ರು ಸಾಹುಕಾರ್ರು.

ಮನಿಯಾಗ ಓಣಿ ಹೆಣಮಕ್ಕಳೆಲ್ಲಾ ಪಡಸಾಲಿ ತುಂಬ ಕುಂತಿದ್ರು. ಸಕ್ರಿ ಬ್ಯಾನಿ ಅಂತ ವರ್ಷದಿಂದ ಸಿಹಿ ಮುಟ್ಟದ ಅವ್ವ ತೊಡಿಮ್ಯಾಲೆ ಜಿಲೇಬಿ ಪೊಟ್ಟಣ ಇಟ್ಟುಕೊಂಡಿದ್ರು. ನಡುವ ಸಾಹುಕಾರ್ರ ಹೆಂಡ್ತಿ. ತಲಿಮ್ಯಾಲೆ ಗಂಡನ ಟೊಪಗಿ, ಕೈಯಾಗ ಸ್ಟೀರಿಂಗ್ ಬದಲು ಹಿಟ್ಟು ನಾದೋ ಪರಾತ. ಬಾಯಿಲೆ ಟಕಟಕಟಕ ಅನ್ಕೋತ, ಸಾಹುಕಾರ್ರಂಗ ಹೊಟ್ಟಿ ಮುಂದ ಮಾಡಿ ಪಡಸಾಲಿ ತುಂಬ ಗಾಡಿ ಓಡಿಸಾಕತ್ತಿದ್ರು. ಮಂದಿ ಬಿದ್ದು ಬಿದ್ದು ನಗಾಕತ್ತಿದ್ರು. ಎಲ್ಲಾರಿಗಿಂತ ಜೋರ ನಗತಿದ್ದಾಕಿ ಅವ್ವ.

"ಆಮ್ಯಾಲೆ ಏನಾತ್ರಿ?" ಅಂದೆ ನಾ.

"ಏನಾಗೂದು! ಹೆಂಡ್ತಿ ನನ್ನ ನೋಡಿದ್ಲು. ಬ್ರೇಕ್ ಹಾಕಿದ್ಲು. ಪರಾತ ಬಿತ್ತು. ಅವ್ವ ಇಡೀ ಜಿಲೇಬಿ ಒಮ್ಮೆಲೆ ಬಾಯಾಗ ತುರಕಿಕೊಂಡ್ಲು. ಗಂಟಲಾಗ ಸಿಕ್ಕೊಂತು ಉಸ್ತಾದ! ಕಣ್ಣು ಮ್ಯಾಲಾದವು! ಬೆನ್ನು ಗುದ್ದಿ ಗುದ್ದಿ ಹೊರಗ ತಗದ್ವಿ. ಒಂದು ಗಳಿಗಿ ಆಚೀಚಿ ಆಗಿದ್ರ ನನ್ನ ಅವ್ವನ ನಾನ ಕೊಂದಂಗ ಆಗತಿತ್ತು."

ನಾ ಇಂಜಿನ್ ಬಿಚ್ಚಿದೆ. ತಣ್ಣಗಾಗೂತನಾ ಕಾದು, ಒಂದೊಂದ ವಾಲ್ವ್ ನೋಡಿದೆ. ಕಪ್ಪಾಗಿದ್ವು, ಸುಟ್ಟಿರಲಿಲ್ಲ. ನನ್ನ ಜೀವಾ ತಿರುಗಿ ಬಂತು. "ಇನ್ನರ್ಧ ತಾಸು ಓಡಿಸಿದ್ರ ಎಲ್ಲಾ ಸುಡತಿತ್ರಿ," ಅಂದೆ.

"ಮನೀನೂ," ಅಂದ್ರು ಸಾಹುಕಾರ್ರು. "ಡೀಸೆಲ್ ಬ್ಯಾಡ. ನಿನ್ನ ಕೂದಲೆಳಿ ಜಾಗಾ ತಿರುಗಿ ಬಿಡು."

ತೆಳ್ಳನ್ನ ಉಕ್ಕಿನ ಪಟ್ಟಿ ಇಟ್ಟು ಒಂದೊಂದ ಟ್ಯಾಪೆಟ್ ಸರಿ ಮಾಡಿ ಚಾಲೂ ಮಾಡಿದೆ. ಟಕಟಕಟಕ. ಸಾಹುಕಾರ್ರು ತಲಿ ಬಾಗಿಸಿ ಬಾಳ ಹೊತ್ತು ಕೇಳಿದ್ರು.

"ಉಸ್ತಾದ, ಇದು ನಮ್ಮ ಮನಿಯಾಗ ಎಷ್ಟು ದೂರಿಂದ ಕೇಳಸತೈತಿ?"

"ಓಣಿ ತುದಿಯಿಂದ ಕೇಳಸತೈತ್ರಿ."

"ಸಾಲಂಗಿಲ್ಲ," ಅಂದ್ರು. "ಒಂದು ಲಾರಿ ಹಾರ್ನ್ ಹಚ್ಚು. ಅವ್ವಗ ಹಲ್ಲಿಲ್ಲ, ಜಿಲೇಬಿ ನುಂಗಾಕ ಟೈಮ್ ಬೇಕು."