ಮಂಡಿ ಮುಚ್ಚಿದ ಕೆಂಚೇಶ

ಕೆಂಚೇಶನ ಗ್ರಹಚಾರ ಕೆಟ್ಟಿದ್ದು ಒಂದು ಓರೆಗೀಟಿನಿಂದ. ಚನ್ನಗಿರಿಯಲ್ಲಿ ಮಹೇಶ್ವರಪ್ಪನವರ ಅಡಿಕೆ ಮಂಡಿಗೆ ಅವನು ಕಂಪ್ಯೂಟರ್ ಆಪರೇಟರ್. ಇಲ್ಲಿ ತೂಗಿದ ಮೂಟೆಗಳ ವಿವರವನ್ನು ಇಲ್ಲಿಯ ಸಾಫ್ಟ್‌ವೇರು ಎಕ್ಸ್‌ಎಂಎಲ್ ಎಂಬ ಬರಹದಲ್ಲಿ ಗಂಟು ಕಟ್ಟಿ ಹೊನ್ನಾಳಿ ಗೋದಾಮಿನ ಸಾಫ್ಟ್‌ವೇರಿಗೆ ಕಳಿಸುತ್ತದೆ. ಆ ಬರಹಕ್ಕೊಂದು ಹಟ. ಮೇಲೆ ‘ಮಂಡಿ’ ಎಂದು ತೆರೆದರೆ, ಕೆಳಗೆ ಓರೆಗೀಟು ಎಳೆದು ಇನ್ನೊಮ್ಮೆ ‘ಮಂಡಿ’ ಎಂದು ಬರೆದು ಮುಚ್ಚಲೇಬೇಕು. ಮುಚ್ಚದಿದ್ದರೆ ಆ ಕಡೆಯದು ಹಲ್ಲು ಕಚ್ಚಿಕೊಂಡ ಕೂಸಿನಂತೆ ಒಂದಕ್ಷರವನ್ನೂ ಒಳಗೆ ಬಿಡುವುದಿಲ್ಲ.

ಬೆಳಿಗ್ಗೆ ಯಾರದೋ ಹೆಸರು ತಿದ್ದಲು ಹೋಗಿ ಕೆಂಚೇಶ ಆ ಕೊನೆಯ ಸಾಲನ್ನೇ ಅಳಿಸಿಬಿಟ್ಟಿದ್ದ. ಅವನಿಗದು ಗೊತ್ತೂ ಆಗಲಿಲ್ಲ. ವಿವರ ಮುಟ್ಟದೆ ಹೊನ್ನಾಳಿಯಲ್ಲಿ ಮೂಟೆ ಹೊತ್ತ ಲಾರಿ ನಿಂತಲ್ಲೇ ನಿಂತಿತು. ಸಂಜೆಯೊಳಗೆ ವಿವರ ಮುಟ್ಟದಿದ್ದರೆ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಮಹೇಶ್ವರಪ್ಪನವರು ತಣ್ಣಗೆ ಹೇಳಿ ಹೋದರು. ಕೆಂಚೇಶ ವೈರು ಕಿತ್ತು ಸಿಕ್ಕಿಸಿದ, ಕಂಪ್ಯೂಟರಿನ ಬೆನ್ನು ತಟ್ಟಿದ, ಊಟ ಬಿಟ್ಟ. ಕೊನೆಗೆ ಗೋದಾಮಿನ ಗಂಗೋತ್ರಿ ಫೋನಿನಲ್ಲಿ ಸಾಲುಸಾಲಾಗಿ ಓದಿಸಿದಾಗ ತಪ್ಪು ಸಿಕ್ಕಿತು. ಸಂತೋಷಕ್ಕೆ ಅವನ ದನಿ ಬೀದಿಗೆ ಕೇಳಿಸಿತು.

“ಮಂಡಿ ಮುಚ್ಚಿಲ್ಲ ಕಣ್ರೀ, ಅದಕ್ಕೇ ಇಷ್ಟು ತಾಪತ್ರಯ. ಈಗ್ಲೇ ಮುಚ್ತೀನಿ, ಎಲ್ಲಾ ಸರಿಹೋಗ್ತೈತೆ.”

ಕಿಟಕಿಯಾಚೆ ಅಡಿಕೆ ಆರಿಸುತ್ತಿದ್ದ ಬಂಗಾರಮ್ಮನ ಕೈ ನಿಂತಿತು. ವ್ಯಾಪಾರದ ಜಾಗದಲ್ಲಿ ಬೀಗ ಹಾಕುವಾಗಲೂ ‘ಮುಚ್ಚು’ ಎನ್ನುವುದಿಲ್ಲ, ‘ಬಾಗಿಲು ಮುಂದಕ್ಕೆ ಮಾಡು’ ಎನ್ನುತ್ತಾರೆ. ಮುಚ್ಚುವುದೆಂದರೆ ದಿವಾಳಿ. ಆಕೆ ಹಮಾಲರಿಗೆ ಹೇಳಿದಳು, ಹಮಾಲರು ಚಹದಂಗಡಿಗೆ ಹೇಳಿದರು. ನ್ಯಾಮತಿ ಬಸ್ಸು ಹೊರಡುವ ಮೊದಲೇ ಸುದ್ದಿ ನ್ಯಾಮತಿಯಲ್ಲಿತ್ತು.

ಜಗಳೂರಿನಿಂದ ತಾಯಿ ದುರುಗಕ್ಕನ ಫೋನು ಬಂತು.

“ಏನೋ ಕೆಂಚ, ಅನ್ನ ಕೊಟ್ಟ ಮಂಡಿ ಮುಚ್ಚಾಕೆ ನೀನೇ ನಿಂತೀಯಂತೆ?”

“ಅದು ಬರೀ ಗೀಟವ್ವ.”

“ಸಿಟ್ಟಾ? ಯಾರ ಮ್ಯಾಲಪ್ಪ ಅಷ್ಟು ಸಿಟ್ಟು?”

ಅವನು ಫೋನಿಟ್ಟು ಗೀಟು ಎಳೆದು, ಕಳಿಸುವ ಗುಂಡಿಗೆ ಬೆರಳು ಚಾಚುವಷ್ಟರಲ್ಲಿ ಅಂಗಳ ತುಂಬಿತ್ತು. ಅಡಿಕೆ ಇಟ್ಟಿದ್ದವರೆಲ್ಲ ತಮ್ಮ ತಮ್ಮ ಮೂಟೆಗೆ ಕೈ ಹಾಕಿದ್ದರು. ಮಹೇಶ್ವರಪ್ಪನವರ ಮುಖ ಸುಣ್ಣದ ಗೋಡೆಯಾಗಿತ್ತು. ಕಣ್ಣಾರೆ ಕಂಡರೆ ಎಲ್ಲರಿಗೂ ಸಮಾಧಾನವಾದೀತೆಂದು ಕೆಂಚೇಶ ಪರದೆಯನ್ನು ಅವರ ಕಡೆ ತಿರುಗಿಸಿದ.

“ನೋಡ್ರಿ, ಮ್ಯಾಲೆ ಮಂಡಿ ತೆರದೈತೆ. ಕೆಳಗೆ ಮುಚ್ಚೀನಿ. ಅಷ್ಟೇ.”

ಮುಂದೆ ನಿಂತಿದ್ದ ರೈತ ಶಿವಮೂರ್ತಪ್ಪ ಕನ್ನಡಕ ಏರಿಸಿ ನೋಡಿ, “ಬರವಣಿಗೇಲೇ ಐತಲ್ರಪ್ಪ” ಎಂದ. ಮೂಟೆಗಳು ಹೆಗಲೇರಿದವು.

“ಎಲ್ಲರ ಎದುರಿಗೇ ಅಳಿಸು,” ಎಂದರು ಮಹೇಶ್ವರಪ್ಪನವರು.

ಅಳಿಸಿದರೆ ವಿವರ ಹೋಗುವುದಿಲ್ಲ, ಲಾರಿ ಅಲ್ಲಾಡುವುದಿಲ್ಲ ಎಂದು ಕೆಂಚೇಶ ಗೋಗರೆದ. ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಅಳಿಸಿದ. ಮೂಟೆಗಳು ಒಂದೊಂದಾಗಿ ನೆಲಕ್ಕಿಳಿದವು.

ಮಹೇಶ್ವರಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟರು. “ಮಂಡಿ ಮಾನ ಉಳಿಸ್ದೆ. ಇನ್ಮೇಲೆ ಹೊನ್ನಾಳಿ, ನ್ಯಾಮತಿ ಎರಡೂ ಕಡೆ ಗೋದಾಮಿಗೆ ವಿವರ ಕಳಿಸೋ ಜವಾಬ್ದಾರಿ ನಿಂದೇ. ದಿನಾ ಸಂಜೆಯೊಳಗೆ ಮುಟ್ಟಬೇಕು. ಆದ್ರೆ ಒಂದನ್ನೂ ಮುಚ್ಚಕೂಡ್ದು.”

ಕೆಂಚೇಶನ ಕಣ್ಣಲ್ಲಿ ನೀರು ತುಂಬಿತು. ಬಡ್ತಿಯ ಸಂತೋಷವೆಂದುಕೊಂಡು ಬಂಗಾರಮ್ಮ ಸಕ್ಕರೆ ತರಲು ಓಡಿದಳು.